ತಹಜ್ಜುದ್ ಮತ್ತು ನಿದ್ದೆಗೆಟ್ಟ ಸಾಲಗಾರ

ಸಂಕಷ್ಟಕ್ಕೊಳಗಾದವರಿಗೆ ನಮ್ಮ ಸಮುದಾಯದಲ್ಲಿ ಧಾರಾಳವಾಗಿ ದೊರೆಯುವ ಉಪದೇಶವೊಂದಿದೆ: ತಹಜ್ಜುದ್ ನಮಾಝ್ ಮಾಡಿ, ಎಲ್ಲವೂ ಸರಿಹೋಗುತ್ತದೆ. ಮಗಳ ವಿವಾಹ ಕೂಡಿಬರದಿದ್ದರೂ, ಗಲ್ಫಿನ ಉದ್ಯೋಗ ಕೈತಪ್ಪಿದರೂ, ಸಾಲ ಕೊಟ್ಟವರು ಬಾಗಿಲು ಬಡಿದರೂ ಇದೇ ಮಾತು. ಇತ್ತೀಚೆಗಂತೂ ಇಂತಿಷ್ಟು ರಾತ್ರಿ, ಇಂತಿಷ್ಟು ರಕಅತ್ ಎಂದು ಲೆಕ್ಕ ಹಾಕಿಕೊಟ್ಟು ಫಲಿತಾಂಶದ ಭರವಸೆ ನೀಡುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಉಪದೇಶ ತಪ್ಪಲ್ಲ. ಆದರೆ ಅದನ್ನು ನೀಡುವವರು ಅರ್ಧ ಮಾತನ್ನು ನುಂಗಿಕೊಳ್ಳುತ್ತಾರೆ.

ಸಹನೆ ಮತ್ತು ನಮಾಝ್‌ನ ಮೂಲಕ ನೆರವು ಬೇಡಬೇಕೆಂದು ಆದೇಶಿಸಿರುವುದು ಪವಿತ್ರ ಕುರ್‌ಆನ್ (2:45). ಯಾವುದಾದರೂ ವಿಷಯ ಕಳವಳಗೊಳಿಸಿದಾಗ ಪ್ರವಾದಿಯವರು(ಸ) ನಮಾಝ್‌ನತ್ತ ಧಾವಿಸುತ್ತಿದ್ದರೆಂದು ಹುದೈಫಾ(ರ) ವರದಿ ಮಾಡಿದ್ದಾರೆ. ಹಿಜ್ರಿ 2ರಲ್ಲಿ, ಬದ್ರ್ ಯುದ್ಧದ ಹಿಂದಿನ ರಾತ್ರಿ, ಸಂಗಾತಿಗಳೆಲ್ಲ ನಿದ್ರಿಸಿದ್ದಾಗ ಅವರು ಮರವೊಂದರ ಬುಡದಲ್ಲಿ ಬೆಳಗಿನವರೆಗೂ ಪ್ರಾರ್ಥನೆಯಲ್ಲಿದ್ದರೆಂದು ಅಲಿ(ರ) ಹೇಳುತ್ತಾರೆ. ರಾತ್ರಿಯ ಕೊನೆಯ ಮೂರನೆಯ ಒಂದಂಶದಲ್ಲಿ ಬೇಡುವವನಿಗೆ ಅಲ್ಲಾಹನು ಓಗೊಡುತ್ತಾನೆಂಬ ಪ್ರವಾದಿ ವಚನ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಪ್ರಶ್ನೆಯಿರುವುದು, ಆ ನೆರವು ಯಾವ ದಾರಿಯಿಂದ ಬರುತ್ತದೆ ಎಂಬುದರಲ್ಲಿ.

ಅಲ್ ಮುಝ್ಝಮ್ಮಿಲ್ ಅಧ್ಯಾಯವನ್ನು ಗಮನಿಸೋಣ. ಅದರಲ್ಲಿರುವುದು 20 ಸೂಕ್ತಗಳು. ರಾತ್ರಿಯ ಅರ್ಧದಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ, ಇಲ್ಲವೇ ಸ್ವಲ್ಪ ಹೆಚ್ಚು ಕಾಲ ಎದ್ದು ನಿಲ್ಲಬೇಕೆಂದು ಅದು ಪ್ರವಾದಿಯವರಿಗೆ ಆಜ್ಞಾಪಿಸುತ್ತದೆ. ಕಾರಣವನ್ನೂ ಅಲ್ಲಿಯೇ ತಿಳಿಸಲಾಗಿದೆ: ಅವರ ಮೇಲೆ ಭಾರವಾದ ವಚನವೊಂದನ್ನು ಇಳಿಸಲಾಗುವುದು, ಹಗಲಿನಲ್ಲಿ ಅವರಿಗೆ ದೀರ್ಘವಾದ ದುಡಿಮೆಯಿದೆ. ಅಂದರೆ ರಾತ್ರಿಯ ನಿಲುವು ಹಗಲಿನ ಹೊಣೆಯನ್ನು ಇಳಿಸುವುದಕ್ಕಲ್ಲ, ಹೊರುವುದಕ್ಕೆ. ಪ್ರವಾದಿಯವರೊಂದಿಗೆ(ಸ) ಅನುಯಾಯಿಗಳೂ ಒಂದು ವರ್ಷ ಕಾಲುಗಳು ಊದಿಕೊಳ್ಳುವಷ್ಟು ಹೊತ್ತು ನಿಂತರೆಂದು ಆಯಿಷಾ(ರ) ವಿವರಿಸಿದ್ದಾರೆ. ಅನಂತರ ಆಜ್ಞೆಯನ್ನು ಹಗುರಗೊಳಿಸಿ 20ನೆಯ ಸೂಕ್ತ ಬಂತು. (ಈ ಕೊನೆಯ ಸೂಕ್ತ ಮದೀನಾದಲ್ಲಿ ಅವತೀರ್ಣವಾಯಿತೆಂಬ ಅಭಿಪ್ರಾಯವೂ ವ್ಯಾಖ್ಯಾನಕಾರರಲ್ಲಿದೆ.) ಹಗುರಗೊಳಿಸಿದ್ದು ಯಾರ ದೆಸೆಯಿಂದ? ರೋಗಿಗಳು, ಜೀವನೋಪಾಯ ಅರಸಿ ಭೂಮಿಯಲ್ಲಿ ಸಂಚರಿಸುವವರು, ಅಲ್ಲಾಹನ ಮಾರ್ಗದಲ್ಲಿ ಹೋರಾಡುವವರು. ಅನ್ನಕ್ಕಾಗಿ ಅಲೆಯುವವನ ಆಯಾಸವನ್ನು ದೇವಗ್ರಂಥವೇ ಪರಿಗಣಿಸಿರುವಾಗ, ಹಗಲಿಡೀ ಹಮಾಲಿ ಮಾಡಿ ಬಂದವನಿಗೆ ತಹಜ್ಜುದ್‌ಗೆ ಏಳದ್ದರಿಂದಲೇ ನಿನಗೆ ಈ ಗತಿ ಬಂತೆಂದು ಹೇಳುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಝೈನಬ್(ರ) ನಮಾಝ್‌ನಲ್ಲಿ ದಣಿದಾಗ ಆಸರೆಗೆಂದು ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗವನ್ನು ಪ್ರವಾದಿಯವರು(ಸ) ಬಿಚ್ಚಿಸಿದ್ದು ಇಲ್ಲಿ ನೆನಪಾಗುತ್ತದೆ. ಉತ್ಸಾಹವಿರುವಷ್ಟು ಹೊತ್ತು ನಿಲ್ಲಬೇಕು, ದಣಿದರೆ ಕುಳಿತುಕೊಳ್ಳಬೇಕೆಂಬುದು ಅವರ ತೀರ್ಪಾಗಿತ್ತು.

ಅದೇ 20ನೆಯ ಸೂಕ್ತ ಮುಂದುವರಿದು ನಮಾಝ್ ಮತ್ತು ಝಕಾತ್‌ನ ಜೊತೆಗೆ ಅಲ್ಲಾಹನಿಗೆ ಉತ್ತಮ ಸಾಲ ನೀಡಬೇಕೆಂದು ಹೇಳುತ್ತದೆ. ರಾತ್ರಿಯ ನಮಾಝ್‌ನ ಮಾತು ಸಾಲದ ಮಾತಿಗೆ ಬಂದು ನಿಂತಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅಸ್ಸಜ್ದಃ ಅಧ್ಯಾಯದ 16ನೆಯ ಸೂಕ್ತದಲ್ಲಿ ಹಾಸಿಗೆಯಿಂದ ದೂರವಾಗುವ ಪಾರ್ಶ್ವಗಳ ಪ್ರಸ್ತಾಪದ ಬೆನ್ನಿಗೇ ನೀಡಲ್ಪಟ್ಟ ಸಂಪತ್ತಿನಿಂದ ಖರ್ಚು ಮಾಡುವ ಪ್ರಸ್ತಾಪವಿದೆ. ಅದ್ದಾರಿಯಾತ್ ಅಧ್ಯಾಯ ರಾತ್ರಿ ಅಲ್ಪ ನಿದ್ರಿಸಿ, ಮುಂಜಾವಿನ ಮುನ್ನ ಕ್ಷಮೆ ಯಾಚಿಸುವವರನ್ನು ಹೊಗಳಿ, ಮರುಕ್ಷಣವೇ ಅವರ ಸೊತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ ಎನ್ನುತ್ತದೆ (51:17-19). ನಾವು ಮೊದಲಿನ ಸೂಕ್ತಗಳ ಮೇಲೆ ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಆ ಪ್ರವಚನಗಳಲ್ಲಿ ಹೆಚ್ಚಿನವು ನಂತರದ ಸೂಕ್ತಕ್ಕೆ ತಲುಪುವ ಮುನ್ನವೇ ಮುಗಿದುಹೋಗಿವೆ.

ನಮ್ಮ ಮಹಲ್ಲಾಗಳಲ್ಲಿ ರಾತ್ರಿಯ ಕೊನೆಯ ಜಾವ ಎಚ್ಚರದಿಂದಿರುವವರು ಇಬ್ಬರು. ಒಬ್ಬನು ನಮಾಝ್‌ಗೆ ಎದ್ದವನು, ಇನ್ನೊಬ್ಬನು ಸಾಲದ ಚಿಂತೆಯಿಂದ ನಿದ್ದೆ ಬಾರದವನು. ಸಾಲವೆಂದರೇನೆಂದು ಪ್ರವಾದಿಯವರಿಗೆ(ಸ) ತಿಳಿದಿತ್ತು. ನಮಾಝ್‌ನಲ್ಲಿಯೇ ಅವರು ಅದರಿಂದ ಅಭಯ ಯಾಚಿಸುತ್ತಿದ್ದರು. ಇಷ್ಟೊಂದು ಯಾಚಿಸುವುದೇಕೆಂದು ಕೇಳಿದಾಗ, ಸಾಲದಲ್ಲಿ ಸಿಲುಕಿದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬರ್ಥದ ಉತ್ತರ ನೀಡಿದ್ದರು. ಸಾಲ ಬಡತನವನ್ನಷ್ಟೇ ಅಲ್ಲ, ಚಾರಿತ್ರ್ಯಭಂಗವನ್ನೂ ತರುತ್ತದೆಂದು ಅರಿತವರ ಮಾತದು.

ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳದಿಂದ ಬಡ ಕುಟುಂಬಗಳು ಮನೆ ತೊರೆದ, ಜೀವ ಕಳೆದುಕೊಂಡ ಸುದ್ದಿಗಳ ನಡುವೆ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಅದು ಬಲವಂತದ ವಸೂಲಿಗೆ ತಡೆಯೊಡ್ಡಬಹುದು. ಆದರೆ ಮಗುವಿನ ಚಿಕಿತ್ಸೆಗೆ ನಾಳೆಯೇ ಹಣ ಬೇಕಾದ ತಾಯಿ ಬಡ್ಡಿಯ ಬಾಗಿಲಿಗೆ ಹೋಗುವುದನ್ನು ಯಾವ ಸುಗ್ರೀವಾಜ್ಞೆಯೂ ತಡೆಯದು. ಅದನ್ನು ತಡೆಯಬಲ್ಲದ್ದು ಮಹಲ್ಲಾದ ಬಡ್ಡಿರಹಿತ ಸಾಲನಿಧಿ. ಮಸೀದಿಯ ಮಿನಾರಕ್ಕೆ, ಅಮೃತಶಿಲೆಗೆ ಹಣ ಹೊಂದಿಸಬಲ್ಲ ಜಮಾಅತ್‌ಗಳಿಗೆ ಇಂತಹ ನಿಧಿಯೊಂದನ್ನು ಕಟ್ಟಲು ಸಾಧ್ಯವಿಲ್ಲವೆಂದರೆ ನಾವು ನಂಬುವುದಿಲ್ಲ. ಇನ್ನು ಕೆಲಸದಾಳಿನ ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿದು, ರಾತ್ರಿ ಎದ್ದು ವ್ಯಾಪಾರದ ಬರಕತ್‌ಗಾಗಿ ಕೈಯೆತ್ತುವವರೂ ನಮ್ಮಲ್ಲಿದ್ದಾರೆ. ಅದೇ ಹೊತ್ತಿನಲ್ಲಿ ಆ ಆಳೂ ಕೈಯೆತ್ತಿರಬಹುದೆಂಬುದನ್ನು ಅವರು ಯೋಚಿಸಿದಂತಿಲ್ಲ.

ಹಾಗೆಂದು ನಿದ್ದೆಗೆಟ್ಟವನಿಗೆ ನಮಾಝ್ ಬೇಡವೆನ್ನುತ್ತಿಲ್ಲ. ಅವನು ಎದ್ದು ವುಝೂ ಮಾಡಿ ಎರಡು ರಕಅತ್ ನಿಲ್ಲಲಿ. ವಸೂಲಿಗಾರನ ಮುಂದೆ ಬಾಗಿದ ಬೆನ್ನು ಸೃಷ್ಟಿಕರ್ತನ ಮುಂದೆ ಬಾಗಿದಾಗ ಮನುಷ್ಯನಿಗೆ ಕಳೆದುಹೋದ ಘನತೆ ಮರಳುತ್ತದೆ. ಬೆಳಿಗ್ಗೆ ಲೆಕ್ಕಪುಸ್ತಕವನ್ನು ತೆರೆಯುವ, ಸಾಲ ಕೊಟ್ಟವನನ್ನು ತಪ್ಪಿಸಿಕೊಳ್ಳದೆ ಭೇಟಿಯಾಗುವ ಧೈರ್ಯ ಹುಟ್ಟುತ್ತದೆ. ಅದು ಸಣ್ಣ ನೆರವಲ್ಲ. ಆದರೆ ಅವನ ಪ್ರಾರ್ಥನೆಗೆ ಉತ್ತರವಾಗಿ ಕಳುಹಿಸಲ್ಪಡಬೇಕಾದವನು ಪಕ್ಕದ ಮನೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದರೆ?

ಒಮ್ಮೆ ಪ್ರವಾದಿಯವರ(ಸ) ಮುಂದೆ ಜನಾಝವೊಂದನ್ನು ತರಲಾಯಿತು. ಮೃತನ ಮೇಲೆ ಸಾಲವಿದೆಯೇ ಎಂದು ಅವರು ವಿಚಾರಿಸಿದರು. ಮೂರು ದೀನಾರ್ ಇದೆ, ಬಿಟ್ಟುಹೋದದ್ದೇನೂ ಇಲ್ಲ ಎಂದರು. ನಿಮ್ಮ ಸಂಗಾತಿಯ ನಮಾಝ್ ನೀವೇ ನಿರ್ವಹಿಸಿರೆಂದು ಅವರು ಹಿಂದೆ ಸರಿದರು. ಆಗ ಅಬೂ ಕತಾದಃ(ರ) ಮುಂದೆ ಬಂದು ಆ ಸಾಲವನ್ನು ತನ್ನ ಮೇಲೆ ಹೊತ್ತುಕೊಂಡರು. ಅದರ ನಂತರವೇ ಪ್ರವಾದಿಯವರು(ಸ) ನಮಾಝ್‌ಗೆ ನಿಂತರು.