ಅಂಬಾಸಿಡರಿಗೆ ಯಾಕಿಷ್ಟು ಮಡಿ?

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: 'ಗಾಡಿ ಚೆನ್ನಾಗಿದೆ, ಆದರೆ ಒರಿಜಿನಲ್ ಅಲ್ಲ.' ಬಾನೆಟ್ ಎತ್ತಿ ಇಣುಕಿದವರ ಮುಖದಲ್ಲಿ ಸಾರಿನಲ್ಲಿ ಕೂದಲು ಕಂಡವರ ಭಾವ. ಅವರ ಕಣ್ಣಿಗೆ ಬಿದ್ದದ್ದು ರೇಡಿಯೇಟರಿನ ಬೆನ್ನಿಗೆ ಕೂತ ಕಪ್ಪು ಪ್ಲಾಸ್ಟಿಕ್ ಫ್ಯಾನು, ಗುಜರಿಗೆ ಬಿದ್ದ ಯಾವುದೋ ಮಾರುತಿ 800ರಿಂದ ಕಳಚಿ ತಂದದ್ದು. ಅದೊಂದೇ ಕಾರಣಕ್ಕೆ ಅಂಕ ಕಳೆದುಕೊಂಡ ಅಂಬಾಸಿಡರನ್ನು ನಾನು ನೋಡಿದ್ದೇನೆ. ಆ ಕಾರು ನೂರು ಕಿಲೋಮೀಟರ್ ಓಡಿಕೊಂಡು ಬಂದಿತ್ತು. ಬಹುಮಾನ ಗೆದ್ದದ್ದು ಲಾರಿಯ ಮೇಲೆ ಬಂದಿತ್ತು. ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ.

ಮೊದಲು ಫ್ಯಾನಿನ ಕೆಲಸ ನೋಡೋಣ. ಅಂಬಾಸಿಡರಿನ ಹಳೆಯ ಫ್ಯಾನು ವಾಟರ್ ಪಂಪಿನ ಮೂತಿಗೆ ಬೋಲ್ಟಾಗಿರುತ್ತದೆ. ಇಂಜಿನ್ನಿನಿಂದ ಬರುವ ಬೆಲ್ಟು ಅದನ್ನು ತಿರುಗಿಸುತ್ತದೆ. ಇಂಜಿನ್ ಜೋರಾದರೆ ಫ್ಯಾನೂ ಜೋರು, ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವಾಗ ಈ ಫ್ಯಾನು ಭರ್ರೆಂದು ತಿರುಗಿ ಇಂಜಿನ್ನಿನ ಶಕ್ತಿಯನ್ನು ಸುಮ್ಮನೆ ತಿನ್ನುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ನಿಂತಾಗ, ಗಾಳಿ ನಿಜಕ್ಕೂ ಬೇಕಾದಾಗ, ತೂಕಡಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಟ್ಟು ಈ ಮಿತಿಯನ್ನು ಒಂದಿಷ್ಟು ಮೇಲಕ್ಕೆ ತಳ್ಳುತ್ತದೆ, ನಿಜ. ಆದರೆ ಅರ್ಧ ಗಂಟೆಯ ಟ್ರಾಫಿಕ್ಕಿನ ಮುಂದೆ ಅದು ದೊಡ್ಡ ಆಸರೆಯಲ್ಲ. ನೀರು ಕುದಿದು ಹೊರಬಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಒಂದು ತಗಡಿನ ರೆಕ್ಕೆಯ ಮಡಿ ಕಾಯಲು ಹೋಗಿ ಇಂಜಿನ್ನನ್ನೇ ಕಳೆದುಕೊಳ್ಳುವುದಕ್ಕೆ ಸಂರಕ್ಷಣೆ ಎಂದು ಹೆಸರು!

ಎಲೆಕ್ಟ್ರಿಕ್ ಫ್ಯಾನಿಗೆ ಇಂಜಿನ್ನಿನ ವೇಗದ ಹಂಗಿಲ್ಲ. ನೀರು ಇಂತಿಷ್ಟು ಬಿಸಿಯಾದರೆ ಸ್ವಿಚ್ಚು ಕೂಡಿಕೊಂಡು ತಿರುಗುತ್ತದೆ, ತಣ್ಣಗಾದರೆ ನಿಲ್ಲುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯಲ್ಲಿ ಇಂಜಿನ್ ಅಡ್ಡಲಾಗಿ ಕೂತಿತ್ತು. ಅದರ ಬೆಲ್ಟಿನ ಕಡೆ ರೇಡಿಯೇಟರಿಗೆ ಮುಖ ಮಾಡಿರಲಿಲ್ಲವಾದ್ದರಿಂದ ಫ್ಯಾನಿಗೆ ಸ್ವಂತ ಮೋಟಾರು ಬಂತು. ಅಂಬಾಸಿಡರಿನ ಮಾರುಕಟ್ಟೆಯನ್ನು ನುಂಗಿದ್ದು ಅದೇ ಪುಟ್ಟ ಕಾರು. ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. ಈಗ ಸೋಲಿಸಿದ ಕಾರಿನ ಫ್ಯಾನು ಸೋತ ಕಾರನ್ನು ರಸ್ತೆಯಲ್ಲಿ ಉಳಿಸುತ್ತಿದೆ. ಇದು ಇತಿಹಾಸವಲ್ಲದಿದ್ದರೆ ಇನ್ನೇನು?

'ಒರಿಜಿನಲ್' ಎನ್ನುವವರನ್ನು ನಾನು ಕೇಳುವುದಿಷ್ಟೆ: ಯಾವ ಒರಿಜಿನಲ್ಲು? ಅಂಬಾಸಿಡರ್ ಹುಟ್ಟಿದ್ದೇ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಿಂದ. ಕೋಲ್ಕತ್ತದ ಬಳಿಯ ಉತ್ತರಪಾರದ ಕಾರ್ಖಾನೆ ಅದಕ್ಕೆ ಮೊದಲು ಸೈಡ್ ವಾಲ್ವ್ ಇಂಜಿನ್ ಇಟ್ಟಿತು, ಆಮೇಲೆ 1489 ಸಿಸಿಯ ಬಿಎಂಸಿ ಇಂಜಿನ್, ಅದರ ನಂತರ ಡೀಸೆಲ್, 1990ರ ದಶಕದಲ್ಲಿ ಜಪಾನಿನ ಇಸುಝು. ಕಾರ್ಖಾನೆ ಇಂಜಿನ್ನನ್ನೇ ಬದಲಿಸಿದರೆ ಅದು ಹೊಸ ಮಾಡೆಲ್ಲು, ಗ್ಯಾರೇಜಿನವನು ಫ್ಯಾನು ಬದಲಿಸಿದರೆ ಅದು ಕಲಬೆರಕೆ!

ನಾನು ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡುವವನು. ಮೂಲ ಎಂಬ ಪದದ ಜೊತೆ ದಿನವೂ ಗುದ್ದಾಡುತ್ತೇನೆ. ತಾಳೆಗರಿಯ ಒಂದು ಕಾವ್ಯ ನಮ್ಮ ಕೈ ಸೇರುವ ಹೊತ್ತಿಗೆ ಎಷ್ಟೋ ಲಿಪಿಕಾರರ ಕೈ ದಾಟಿರುತ್ತದೆ. ಕವಿ ಸ್ವತಃ ಬರೆದ ಓಲೆ ಸಿಗುವುದು ಕನಸಿನ ಮಾತು. ಹಾಗೆಂದು ಸಂಪಾದಕ ಕೈಕಟ್ಟಿ ಕೂರುವುದಿಲ್ಲ, ಮನಸ್ಸಿಗೆ ಬಂದಂತೆ ತಿದ್ದುವುದೂ ಇಲ್ಲ. ತಿದ್ದಿದ ಕಡೆ ಗುರುತು ಹಾಕುತ್ತಾನೆ, ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಮುಂದಿನವನಿಗೆ ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ. ಕಾರಿಗೂ ಇದೇ ನಿಯಮ ಸಾಕು. ಹಳೆಯ ಫ್ಯಾನನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರೆ ಅದೇ ಅಡಿಟಿಪ್ಪಣಿ.

ಇದೇನು ನನ್ನೊಬ್ಬನ ಹುಚ್ಚು ಹೋಲಿಕೆಯಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡ ಟ್ಯೂರಿನ್ ಸನ್ನದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಬಲವಾದ ಕಾರಣಕ್ಕೆ ಬದಲಾವಣೆ ಮಾಡಬೇಕಾಗಿ ಬಂದರೆ ಅದು ಆದಷ್ಟು ಹಿಂದಿರುಗಿಸಬಹುದಾದಂತಿರಲಿ, ತೆಗೆದ ಮುಖ್ಯ ಭಾಗಗಳು ವಾಹನದ ಜೊತೆಗೇ ಇರಲಿ. ನಮ್ಮ ಮಡಿವಂತರು ಗುರುವಿಗಿಂತ ಒಂದು ಕೈ ಮೇಲೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಎದುರು ಪಾಳಯದವನೂ ಅಲ್ಲ. 'ಜುಗಾಡ್' ಎಂದರೆ ಸಾಕು, ಕಣ್ಣಲ್ಲಿ ನೀರು ತಂದುಕೊಳ್ಳುವವರಿದ್ದಾರೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟ್ಯಾಗು ತೂರಿಸಿ ಫ್ಯಾನು ಬಿಗಿಯುವುದು ಜಾಣತನವಲ್ಲ. ಆ ಟ್ಯಾಗು ಅಲುಗಾಡಿ ಅಲುಗಾಡಿ ಕೊಳವೆಯನ್ನು ಸವೆಸಿ ತೂತು ಮಾಡುತ್ತದೆ. ಮೊದಲೇ ಇರುವ ಬೋಲ್ಟುಗಳಿಗೆ ಪಟ್ಟಿ ಬಿಗಿದು ಅದರ ಮೇಲೆ ಕೂರಿಸಬೇಕು. ಫ್ಯಾನಿನ ಕರೆಂಟು ರಿಲೇ ಮೂಲಕ ಹೋಗಬೇಕು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಇಲ್ಲದಿದ್ದರೆ ಸ್ವಿಚ್ಚು ಸುಡುತ್ತದೆ, ಕೆಲವೊಮ್ಮೆ ಗಾಡಿಯೂ. ಹಿಂದಿನಿಂದ ಗಾಳಿ ಎಳೆಯಲು ಮಾಡಿದ ಫ್ಯಾನನ್ನು ರೇಡಿಯೇಟರಿನ ಮುಂದೆ ಕೂರಿಸಿ ವೈರು ಅದಲು ಬದಲು ಮಾಡಿದರೆ ತಿರುಗುವ ದಿಕ್ಕೇನೋ ಬದಲಾಗುತ್ತದೆ. ಆದರೆ ರೆಕ್ಕೆಯ ಬಾಗು ಬದಲಾಗುವುದಿಲ್ಲ, ಗಾಳಿ ಅರೆಬರೆ ಬರುತ್ತದೆ. ರೇಡಿಯೇಟರಿನ ಒಳಗೇ ಕೆಸರು ಕಟ್ಟಿದ್ದರಂತೂ ಯಾವ ಫ್ಯಾನೂ ಉಪಯೋಗಕ್ಕಿಲ್ಲ.

ಮಡಿವಂತರ ಹತ್ತಿರ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯ ಅಂಬಾಸಿಡರಿನ ಡೈನಮೋ ಕೊಡುವುದು ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು, ಅದೂ ಇಂಜಿನ್ ಜೋರಾಗಿ ತಿರುಗುವಾಗ. ಗಾಡಿ ನಿಂತಲ್ಲೇ ಗುಟುರುತ್ತಿದ್ದಾಗ ಅದು ಕೊಡುವುದು ಇಲ್ಲವೆನ್ನುವಷ್ಟು. ಇಂಥ ಫ್ಯಾನು ಬೇಡುವುದು ಸಾಮಾನ್ಯವಾಗಿ 7ರಿಂದ 10 ಆಂಪಿಯರ್. ರಾತ್ರಿ ಹೆಡ್‌ಲೈಟೂ ಉರಿಯುತ್ತಿದ್ದರೆ ಬ್ಯಾಟರಿ ಖಾಲಿ. ಆದ್ದರಿಂದ ಫ್ಯಾನಿನ ಹಿಂದೆಯೇ ಆಲ್ಟರ್ನೇಟರ್ ಬರಬೇಕಾಗುತ್ತದೆ. 'ನೋಡಿ, ಒಂದಕ್ಕೆ ಒಪ್ಪಿದರೆ ಇನ್ನೊಂದು' ಎನ್ನುತ್ತಾರೆ. ಹೌದು, ಬರಲಿ. ಮುಂದಿನ ಅಂಬಾಸಿಡರುಗಳಿಗೆ ಕಾರ್ಖಾನೆಯೇ ಆಲ್ಟರ್ನೇಟರ್ ಕೊಟ್ಟಿತ್ತು. ಮಿತಿ ಎಲ್ಲಿ ಎಂದು ಕೇಳಿದರೆ ನನ್ನ ಉತ್ತರ ಸರಳ: ಹೊಸದಾಗಿ ತೂತು ಕೊರೆಯಬೇಕಾದ, ಕತ್ತರಿಸಬೇಕಾದ, ಮರಳಿ ಬಿಚ್ಚಲಾಗದ ಜಾಗದಲ್ಲಿ ನಿಲ್ಲಿ.

ಈ ಜಗಳದ ಬೇರು ಇರುವುದು ಫ್ಯಾನಿನಲ್ಲಲ್ಲ, ಗುಜರಿ ಎಂಬ ಪದದಲ್ಲಿ. ವಿದೇಶದಿಂದ ಪೆಟ್ಟಿಗೆಯಲ್ಲಿ ಬಂದ ಹೊಸ ಬಿಡಿಭಾಗ, ಅದು ಎಷ್ಟೇ ಈಚಿನ ನಕಲಾಗಿರಲಿ, 'ಪೀರಿಯಡ್ ಕರೆಕ್ಟ್'. ಶಿವಾಜಿನಗರದ ಗುಜರಿಯಲ್ಲಿ ಹತ್ತು ಫ್ಯಾನು ತಿರುವಿ, ಬುಶ್ಶು ಅಲ್ಲಾಡದ ಒಂದನ್ನು ಬೆರಳಲ್ಲೇ ಗುರುತಿಸುವ ಮೆಕ್ಯಾನಿಕ್ಕಿನ ತಿಳಿವಳಿಕೆಗೆ ಅಂಕಪಟ್ಟಿಯಲ್ಲಿ ಒಂದು ಕಾಲಮ್ಮೂ ಇಲ್ಲ. ಅಂಬಾಸಿಡರನ್ನು ಇಷ್ಟು ವರ್ಷ ಉಳಿಸಿದವರು ಟ್ಯಾಕ್ಸಿ ಚಾಲಕರು ಮತ್ತು ಇಂಥ ಮೆಕ್ಯಾನಿಕ್ಕುಗಳು. ಅವರ ಕೈಗುರುತನ್ನು ಅಳಿಸಿ ಪಾಲಿಶ್ ಹಾಕಿದ ಮೇಲೆ ಉಳಿಯುವುದು ಒಂದು ವರ್ಗದ ಡ್ರಾಯಿಂಗ್ ರೂಮಿನ ಸಾಮಾನು.

ತೀರ್ಪುಗಾರರು ಬಾನೆಟ್ ಎತ್ತಲಿ, ಬೇಡವೆನ್ನುವುದಿಲ್ಲ. ಎತ್ತಿದ ಮೇಲೆ ನಾಲ್ಕು ಪ್ರಶ್ನೆ ಕೇಳಲಿ. ತೆಗೆದ ಭಾಗ ಎಲ್ಲಿದೆ? ಎಲ್ಲಾದರೂ ಕೊರೆದಿದ್ದೀರಾ? ಫ್ಯೂಸ್ ಎಲ್ಲಿದೆ? ಇದನ್ನು ಕೂರಿಸಿದವರ ಹೆಸರೇನು? ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಮಾಲೀಕನ ಅಂಕ ಕಳೆಯಲಿ.