ಹಗುರ ಗಾಲಿ ಎಷ್ಟು ಹಗುರವಾಗಿರಬೇಕು?

ನಮ್ಮ ಗಡಿನಾಡಿನ ಊರುಗಳಲ್ಲಿ ಸೈಕಲ್ ಬಹುಕಾಲ ದುಡಿಮೆಯ ವಾಹನವಾಗಿಯೇ ಇತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಶಾಲೆಗೆ ಹೊರಟ ಮಗು ಇವೆಲ್ಲವನ್ನೂ ಹೊತ್ತ ಆ ಕಪ್ಪು ಸೈಕಲ್ಲಿನ ಗಾಲಿ ಎಷ್ಟು ತೂಗುತ್ತದೆಂದು ಕೇಳಿದವರಿಲ್ಲ. ಈಗ ಬಾಗಿದ ಹಿಡಿಯ, ತೆಳು ಟೈರಿನ, ‘ರೋಡ್ ಬೈಕ್’ ಎಂದು ಕರೆಯಲ್ಪಡುವ ಓಟದ ಸೈಕಲ್ಲುಗಳು ಹೊಸೂರು, ಉದಕಮಂಡಲಗಳ ರಸ್ತೆಗಳಲ್ಲಿಯೂ ಕಾಣುತ್ತಿವೆ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲ್‌ಗಿರೀಸ್’ ಸವಾರಿಯವರು ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ತುಳಿದು ಏರುವುದನ್ನು ಕಂಡ ನಮ್ಮ ಹುಡುಗ ಹುಡುಗಿಯರಿಗೆ ತಾವೂ ಹಾಗೆ ಏರಬೇಕೆಂಬ ಆಸೆ ಹುಟ್ಟಿದರೆ ಅದು ಸಂತೋಷಪಡಬೇಕಾದ ವಿಷಯವೇ. ಆದರೆ ಸೈಕಲ್ ಮನೆಗೆ ಬಂದ ಕೆಲವೇ ತಿಂಗಳಲ್ಲಿ ಎರಡನೆಯ ಬೇಡಿಕೆಯೊಂದು ಹೊರಡುತ್ತದೆ: ‘ಈ ಗಾಲಿ ಭಾರ, ಹಗುರ ಗಾಲಿ ಬೇಕು.’ ಬೆಲೆ ಕೇಳಿದ ಹಿರಿಯರು ಬೆಚ್ಚಿಬೀಳುತ್ತಾರೆ. ಗಾಲಿಯ ಜೋಡಿಯೊಂದರ ಬೆಲೆ ಇಡೀ ಸೈಕಲ್ಲಿನ ಬೆಲೆಯನ್ನು ಮೀರುವುದುಂಟು. ಲಕ್ಷ ರೂಪಾಯಿ ದಾಟುವ ಜೋಡಿಗಳೂ ಇವೆ. ಅಷ್ಟು ಹಣಕ್ಕೆ ದೊರೆಯುವುದೇನು, ಅದರಿಂದ ಬರಬಹುದಾದ ಅಪಾಯವೇನು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸೋಣವೆಂದಿದ್ದೇವೆ.

ಮೊದಲು ತೂಕದ ಮಾತು. ಸಾಧಾರಣ ಬೆಲೆಯ ರೋಡ್ ಬೈಕಿನೊಡನೆ ಬರುವ ಗಾಲಿಗಳ ಜೋಡಿ ಟೈರು, ಟ್ಯೂಬುಗಳನ್ನು ಬಿಟ್ಟು ಸುಮಾರು ಎರಡು ಕಿಲೋಗ್ರಾಂ ತೂಗುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಜೋಡಿ ಒಂದೂವರೆ ಕಿಲೋಗ್ರಾಂನ ಆಸುಪಾಸಿನಲ್ಲಿರುತ್ತದೆ. ಇಂಗಾಲದ ನಾರನ್ನು ರಾಳದಿಂದ ಬೆಸೆದು ಮಾಡಿದ ‘ಕಾರ್ಬನ್’ ರಿಮ್ಮಿನ ಜೋಡಿಗಳಲ್ಲಿ ಕೆಲವು ಇನ್ನೂ ಕಡಿಮೆ ತೂಗುತ್ತವೆ. ಹೀಗಾಗಿ ಗಾಲಿ ಬದಲಾಯಿಸಿದವನು ಉಳಿಸುವುದು ಸಾಮಾನ್ಯವಾಗಿ ನಾಲ್ಕುನೂರರಿಂದ ಐನೂರು ಗ್ರಾಂ. ಬೆಲೆಪಟ್ಟಿಯಲ್ಲಿ ಅಚ್ಚಾದ ತೂಕದಲ್ಲಿ ಹಿಂದಿನ ಗಿಯರಿನ ಹಲ್ಲುಚಕ್ರಗಳು, ಡಿಸ್ಕು, ಅಚ್ಚಿನ ಕಡ್ಡಿ ಇವು ಸೇರಿರುವುದಿಲ್ಲ. ಕೆಲವೊಮ್ಮೆ ರಿಮ್ಮಿನ ಒಳಪಟ್ಟಿಯೂ ಸೇರಿರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಈ ನಾಲ್ಕುನೂರು ಗ್ರಾಂನ ಲಾಭವನ್ನು ಶಾಲೆಯ ಗಣಿತದಿಂದಲೇ ಅಳೆಯಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಷ್ಟು ತೂಕವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 785 ಕಿಲೋಜೂಲ್ ಶಕ್ತಿ ಬೇಕು. ಚೆನ್ನಾಗಿ ಅಭ್ಯಾಸ ಮಾಡಿದವನು 200 ವ್ಯಾಟ್ ಸಾಮರ್ಥ್ಯದಿಂದ ತುಳಿದರೆ ಈ ಏರಿಕೆಗಷ್ಟೇ 65 ನಿಮಿಷ ಹಿಡಿಯುತ್ತದೆ. 400 ಗ್ರಾಂ ಕಡಿಮೆಯಾದರೆ ಉಳಿಯುವ ಸಮಯ ಸುಮಾರು 20 ಸೆಕೆಂಡು! ಪಂದ್ಯದಲ್ಲಿ ಮೊದಲ ಸ್ಥಾನಕ್ಕೆ ಸೆಣಸುವವನಿಗೆ ಆ ಇಪ್ಪತ್ತು ಸೆಕೆಂಡು ದೊಡ್ಡದು. ಬೆಟ್ಟವೇರಿ ಚಹಾ ಕುಡಿದು ಮನೆಗೆ ಮರಳುವವನಿಗೆ ಅದು ಬಾಟಲಿಯ ಮುಚ್ಚಳ ತೆರೆಯುವಷ್ಟರ ಕಾಲ.

‘ಗಾಲಿಯ ಅಂಚಿನ ಒಂದು ಗ್ರಾಂ ಬೇರೆಡೆಯ ಎರಡು ಗ್ರಾಂಗೆ ಸಮ’ ಎಂಬ ಮಾತನ್ನು ಅಂಗಡಿಯವರು ಹೇಳುವುದುಂಟು. ಮಾತು ಸುಳ್ಳಲ್ಲ. ಅಂಚಿನಲ್ಲಿರುವ ವಸ್ತು ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು; ಆದುದರಿಂದ ವೇಗ ಹೆಚ್ಚಿಸುವಾಗ ಅದು ಎರಡರಷ್ಟು ಶಕ್ತಿ ಬೇಡುತ್ತದೆ. ಆದರೆ ಇದು ವೇಗ ಹೆಚ್ಚಿಸುವಾಗ ಮಾತ್ರ. ಒಂದೇ ವೇಗದಲ್ಲಿ ಘಾಟಿ ಏರುವಾಗ ಗ್ರಾಂ ಎಲ್ಲಿದ್ದರೂ ಗ್ರಾಂ ಅಷ್ಟೇ. ನಿಂತಲ್ಲಿಂದ ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ ಬರಲು ಮೇಲಿನ ಸವಾರನಿಗೆ ಸುಮಾರು 4,000 ಜೂಲ್ ಬೇಕು. ಅಂಚಿನಲ್ಲಿ 400 ಗ್ರಾಂ ಉಳಿಸಿದರೆ ಅದರಲ್ಲಿ 40 ಜೂಲ್ ಉಳಿಯುತ್ತದೆ. ನೂರಕ್ಕೆ ಒಂದು ಪಾಲು.

ಹಗುರವೇ ಸರ್ವಸ್ವವಲ್ಲವೆಂಬುದಕ್ಕೆ ಓಟದ ಇತಿಹಾಸವೇ ಸಾಕ್ಷಿ. ಒಂದು ಗಂಟೆಯಲ್ಲಿ ಎಷ್ಟು ದೂರ ಸಾಗಬಹುದೆಂಬ ಪಂಥಕ್ಕಾಗಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ನಗರಕ್ಕೆ ಹೋದರು. ನಮ್ಮ ಉದಕಮಂಡಲದಷ್ಟೇ ಎತ್ತರದಲ್ಲಿರುವ ಆ ನಗರದಲ್ಲಿ ಗಾಳಿ ತೆಳುವಾಗಿರುವುದೇ ಅದರ ಆಕರ್ಷಣೆ. ಅವರ ಸೈಕಲ್ಲಿನ ಭಾಗಗಳಿಗೆ ತೂತು ಕೊರೆದು ತೂಕ ಇಳಿಸಿ, ಇಡೀ ಸೈಕಲ್ಲನ್ನು ಆರು ಕಿಲೋಗ್ರಾಂಗಿಂತ ಕಡಿಮೆ ಮಾಡಲಾಗಿತ್ತು. ಅವರು ಸಾಗಿದ್ದು 49.431 ಕಿಲೋಮೀಟರ್. ಹನ್ನೆರಡನೆಯ ವರ್ಷದಲ್ಲಿ, 1984ರ ಜನವರಿಯಲ್ಲಿ, ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಅದೇ ನಗರದಲ್ಲಿ ಕಡ್ಡಿಗಳಿಗೆ ಬದಲಾಗಿ ತಟ್ಟೆಯಂತೆ ಮುಚ್ಚಿದ ಗಾಲಿಗಳನ್ನು ಹಾಕಿಕೊಂಡು 51.151 ಕಿಲೋಮೀಟರ್ ಸಾಗಿದರು. ಆ ಗಾಲಿಗಳು ಕಡ್ಡಿಗಾಲಿಗಳಿಗಿಂತ ಭಾರವಾದವು. ಮೋಸರರ ಯಶಸ್ಸಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಸಮತಟ್ಟಾದ ಹಾದಿಯಲ್ಲಿ ವೇಗ ಹೆಚ್ಚಿದಂತೆ ಸವಾರನ ವೈರಿ ತೂಕವಲ್ಲ, ಗಾಳಿ ಎಂಬುದು ಅಂದಿನಿಂದ ಎಲ್ಲರಿಗೂ ಮನವರಿಕೆಯಾಯಿತು. ಹೊಸೂರಿನ ಬಯಲು ಹಾದಿಯಲ್ಲಿ ವೇಗವಾಗಿ ಓಡಿಸುವವನಿಗೆ ತುಸು ಆಳವಾದ ರಿಮ್ಮು ಹಗುರ ರಿಮ್ಮಿಗಿಂತ ಹೆಚ್ಚು ಉಪಕಾರ ಮಾಡುತ್ತದೆ. ಆದರೆ ತೀರ ಆಳವಾದ ರಿಮ್ಮು ಅಡ್ಡಗಾಳಿ ಬೀಸಿದಾಗ ಮುಂಗಾಲಿಯನ್ನು ಪಕ್ಕಕ್ಕೆಳೆಯುತ್ತದೆ. ತೂಕ ಕಡಿಮೆಯಿರುವ ಎಳೆಯ ಸವಾರರಿಗೆ ಅದು ಸಲ್ಲದು.

ಇನ್ನು ಗಾಲಿಯ ಬಲ. ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಒತ್ತಡವನ್ನು ಹೊತ್ತು ನಿಲ್ಲುತ್ತವೆ. ಸೈಕಲ್ಲಿನ ತೆಳು ಕಡ್ಡಿ ಹಾಗೆ ನಿಲ್ಲಲಾರದು. ಅದು ರಿಮ್ಮು ಮತ್ತು ಹಬ್ಬಿನ ನಡುವೆ ತಂತಿಯಂತೆ ಬಿಗಿಯಾಗಿರುವುದರಿಂದಲೇ ಗಾಲಿ ನಿಂತಿದೆ. 1870ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ಬಿಗಿತಂತಿಯ ಗಾಲಿಯುಳ್ಳ ‘ಏರಿಯಲ್’ ಸೈಕಲ್ಲಿಗೆ ಪೇಟೆಂಟ್ ಪಡೆದರು. ಗಾಲಿ ಉರುಳುವಾಗ ನೆಲದ ಬಳಿಗೆ ಬಂದ ಕಡ್ಡಿಗಳ ಬಿಗಿ ಒಂದು ಕ್ಷಣ ಸಡಿಲಿ ಮತ್ತೆ ಬಿಗಿಯುತ್ತದೆ. ಲಕ್ಷಾಂತರ ಸಲ ಹೀಗಾಗುವುದರಿಂದ ಲೋಹ ದಣಿದು, ಹಬ್ಬಿನ ಬಳಿಯ ಮೊಣಕೈಯಲ್ಲಿ ಕಡ್ಡಿ ಮುರಿಯುತ್ತದೆ. ನಮ್ಮ ಹಿರಿಯರ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿಗಳು. ಹೆಚ್ಚು ಭಾರ ಬೀಳುವುದು ಹಿಂಗಾಲಿಯ ಮೇಲೆ ಎಂಬ ವಿವೇಕ ಅದರಲ್ಲಿತ್ತು. ಒಂದು ಕಡ್ಡಿ ಮುರಿದರೂ ಮನೆ ಸೇರಬಹುದಾಗಿತ್ತು. ಇಂದಿನ ಹಗುರ ಗಾಲಿಗಳಲ್ಲಿ ಹದಿನೆಂಟರಿಂದ ಇಪ್ಪತ್ತೆಂಟು ಕಡ್ಡಿಗಳು. ಒಂದು ಮುರಿದರೆ ರಿಮ್ಮು ಬಾಗಿ ಬ್ರೇಕಿಗೋ ಚೌಕಟ್ಟಿಗೋ ಉಜ್ಜುತ್ತದೆ. ಅದರ ಚಪ್ಪಟೆ ಕಡ್ಡಿ ತಾಳವಾಡಿಯ ಅಥವಾ ಕೋತಗಿರಿಯ ಅಂಗಡಿಯಲ್ಲಿ ಸಿಗದಿದ್ದರೆ ಮೈಸೂರಿಗೋ ಕೊಯಮತ್ತೂರಿಗೋ ಬಸ್ಸು ಹತ್ತಬೇಕಾದೀತು. ಆದುದರಿಂದ ದೇಹತೂಕ ಹೆಚ್ಚಿರುವವರು, ಗುಂಡಿಬಿದ್ದ ರಸ್ತೆಯವರು ಹಿಂಗಾಲಿಗೆ 28 ಅಥವಾ 32 ಕಡ್ಡಿಗಳಿರುವುದನ್ನು ಆರಿಸಿಕೊಳ್ಳುವುದು ಲೇಸು. ಗಾಲಿ ಹೊರುವ ತೂಕದ ಮಿತಿಯನ್ನು ತಯಾರಕರು ತಿಳಿಸಿರುತ್ತಾರೆ; ಅದನ್ನು ಓದದೆ ಹಣ ಕೊಡಬಾರದು.

ಬೆಟ್ಟದ ನಾಡಿನವರು ಎಲ್ಲಕ್ಕಿಂತ ಮುಖ್ಯವಾಗಿ ಯೋಚಿಸಬೇಕಾದುದು ಏರಿಕೆಯನ್ನಲ್ಲ, ಇಳಿಜಾರನ್ನು. ಏರುವಾಗ ಕೂಡಿಟ್ಟ ಆ 785 ಕಿಲೋಜೂಲ್ ಇಳಿಯುವಾಗ ಎಲ್ಲಿಗೆ ಹೋಗಬೇಕು? ಎರಡೂವರೆ ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಸುವಷ್ಟು ಶಾಖ ಅದು. ಒಂದು ಪಾಲನ್ನು ಗಾಳಿ ಒಯ್ಯುತ್ತದೆ. ಮೇಲಿಂದ ಮೇಲೆ ತಿರುವುಗಳಿರುವ ಘಾಟಿಯಲ್ಲಿ ಬಹುಪಾಲು ಬ್ರೇಕಿನ ಮೂಲಕವೇ ಹೋಗಬೇಕು. ರಿಮ್ಮನ್ನೇ ಹಿಡಿಯುವ ಬ್ರೇಕಿನ ಸೈಕಲ್ಲಾದರೆ ಆ ಶಾಖವೆಲ್ಲ ರಿಮ್ಮಿಗೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ಹಾಗೆ ಬಿಡುವುದಿಲ್ಲ. ರಾಳ ಮೆತ್ತಗಾಗಿ ಅಂಚು ಉಬ್ಬಬಹುದು, ಒಳಗಿನ ಟ್ಯೂಬು ಒಡೆಯಬಹುದು. ತಿರುವಿನಲ್ಲಿ ಮುಂಗಾಲಿಯ ಗಾಳಿ ಹೋದರೆ ಆಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯಲ್ಲಿ ಕಾರ್ಬನ್ ರಿಮ್ಮಿನ ಮೇಲೆ ಬ್ರೇಕಿನ ಹಿಡಿತವೂ ಕಡಿಮೆ. ಆದುದರಿಂದ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಘಾಟಿ ಇಳಿಯುವವರು ಅಲ್ಯೂಮಿನಿಯಂ ರಿಮ್ಮನ್ನೇ ಆರಿಸಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಅದು ಸವೆಯುತ್ತದೆ ನಿಜ. ಪಕ್ಕದಲ್ಲಿ ಕೊರೆದಿರುವ ಗುರುತಿನ ಗೆರೆ ಅಥವಾ ಚುಕ್ಕಿ ಮಾಯವಾದಾಗ ರಿಮ್ಮು ಬದಲಾಯಿಸಬೇಕು. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಶಾಖ ರಿಮ್ಮಿಗೆ ಹೋಗುವುದಿಲ್ಲ. ಅಲ್ಲಿ ಒಳ್ಳೆಯ ತಯಾರಿಕೆಯ ಕಾರ್ಬನ್ ಗಾಲಿಗೆ ನಮ್ಮ ಆಕ್ಷೇಪವಿಲ್ಲ.

ಕೊಳ್ಳುವ ಮುನ್ನ ಗಾಲಿ ಸೈಕಲ್ಲಿಗೆ ಹೊಂದುವುದೇ ಎಂದು ನೋಡಬೇಕು. ರಿಮ್ ಬ್ರೇಕಿನ ಸೈಕಲ್ಲುಗಳಲ್ಲಿ ಹಿಂದಿನ ಹಬ್ಬಿನ ಅಗಲ ಸಾಮಾನ್ಯವಾಗಿ 130 ಮಿಲಿಮೀಟರ್, ಇಂದಿನ ಡಿಸ್ಕ್ ಸೈಕಲ್ಲುಗಳಲ್ಲಿ 142; ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಗಿಯರಿನ ಹಲ್ಲುಚಕ್ರಗಳು ಕೂರುವ ಭಾಗವೂ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಟೈರನ್ನು ಹಿಡಿಯುವ ಕೊಕ್ಕೆಯಂಚು ಇಲ್ಲದ ‘ಹುಕ್‌ಲೆಸ್’ ರಿಮ್ಮುಗಳು ಈಚೆಗೆ ಬಂದಿವೆ. ಅವುಗಳಿಗೆ ತಯಾರಕರು ಒಪ್ಪಿದ ಟ್ಯೂಬ್‌ಲೆಸ್ ಟೈರುಗಳನ್ನಷ್ಟೇ ಹಾಕಬೇಕು. ಗಾಳಿಯ ಒತ್ತಡ 5 ಬಾರ್, ಎಂದರೆ ಸುಮಾರು 72 ಪೌಂಡು, ಮೀರಬಾರದು. ಹಳೆಯ ಅಭ್ಯಾಸದಂತೆ ನೂರು ಪೌಂಡು ತುಂಬಿಸುವವರ ಮನೆಗೆ ಇಂತಹ ರಿಮ್ಮು ಬೇಡ.

ಹಾಗಾದರೆ ಹಗುರದ ಆಸೆಯನ್ನು ಬಿಟ್ಟೇಬಿಡಬೇಕೆ? ಇಲ್ಲ. ಕಡಿಮೆ ಖರ್ಚಿನ ದಾರಿಯೊಂದಿದೆ. ಗಾಲಿಯ ತುತ್ತತುದಿಯ ಅಂಚಿನಲ್ಲಿರುವುದು ಟೈರು ಮತ್ತು ಟ್ಯೂಬು. ಸಾಧಾರಣ ರಬ್ಬರ್ ಟ್ಯೂಬು ನೂರು ಗ್ರಾಂನಷ್ಟು ತೂಗಿದರೆ, ಈಗ ಬಂದಿರುವ ತೆಳು ಪ್ಲಾಸ್ಟಿಕ್ಕಿನ ‘ಟಿಪಿಯು’ ಟ್ಯೂಬು ನಲವತ್ತು ಗ್ರಾಂನಷ್ಟು. ಎರಡು ಗಾಲಿಗೆ ನೂರಿಪ್ಪತ್ತು ಗ್ರಾಂ ಉಳಿಯಿತು. ಆದರೆ ಇದೂ ಶಾಖಕ್ಕೆ ಹೆದರುವ ವಸ್ತು. ರಿಮ್ ಬ್ರೇಕಿನವರು ಘಾಟಿಗೆ ಹಾಕುವ ಮುನ್ನ ತಯಾರಕರ ಎಚ್ಚರಿಕೆಯನ್ನು ಓದಬೇಕು. ಚೌಕಟ್ಟಿನಲ್ಲಿ ಎಡೆಯಿದ್ದರೆ 28 ಮಿಲಿಮೀಟರ್ ಅಗಲದ ಒಳ್ಳೆಯ ಟೈರು ಹಾಕಿ ಸರಿಯಾದ ಗಾಳಿ ತುಂಬಿಸಿದರೆ, ದುಬಾರಿ ಗಾಲಿ ಕೊಡದ ಸುಖವನ್ನೂ ಹಿಡಿತವನ್ನೂ ಅದು ಕೊಡುತ್ತದೆ. ಇದರ ಮೇಲೂ ಹಣವುಳಿದು ಗಾಲಿ ಬದಲಾಯಿಸುವುದಾದರೆ ಒಂದೂವರೆ ಕಿಲೋಗ್ರಾಂನ ಆಸುಪಾಸಿನ, ಸಾಕಷ್ಟು ಕಡ್ಡಿಗಳ, ನುರಿತ ಕೈಯಿಂದ ಬಿಗಿಹೊಂದಿಸಿದ ಅಲ್ಯೂಮಿನಿಯಂ ಜೋಡಿ ಬಹುಮಂದಿಗೆ ಸಾಕು.

ಹೆಸರಿಲ್ಲದ, ರಸೀದಿಯಿಲ್ಲದ, ಅಗ್ಗದ ಕಾರ್ಬನ್ ಗಾಲಿಯನ್ನು ಎಷ್ಟೇ ಹಗುರವೆಂದರೂ ಕೊಳ್ಳಬೇಡಿರಿ. ಅದರೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯಲ್ಲಿ ನಿಂತಾಗ ಕೇಳಬೇಕಾದ ಪ್ರಶ್ನೆಗಳ ಕ್ರಮ ಹೀಗಿರಲಿ: ಇದು ನಮ್ಮ ಸೈಕಲ್ಲಿಗೆ ಕೂರುತ್ತದೆಯೆ? ನಮ್ಮ ತೂಕವನ್ನು ಹೊರುತ್ತದೆಯೆ? ನಮ್ಮ ಇಳಿಜಾರಿನಲ್ಲಿ ಇದರ ಬ್ರೇಕು ನಂಬಬಹುದೆ? ಕಡ್ಡಿ ಮುರಿದರೆ ಎಲ್ಲಿ ಸಿಗುತ್ತದೆ? ಈ ನಾಲ್ಕಕ್ಕೂ ಒಪ್ಪುವ ಉತ್ತರ ದೊರೆತ ಮೇಲೆ ಐದನೆಯದಾಗಿ ತೂಕವನ್ನು ಕೇಳಬಹುದು. ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದು ನಮ್ಮ ಉದ್ದೇಶವಲ್ಲ. ತಂದೆ ತಾಯಿಯರು ಅವರೊಡನೆ ಕುಳಿತು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿದರೆ ಹಣವೂ ಉಳಿದೀತು, ಘಾಟಿ ಇಳಿದು ಬರುವ ಮಗುವಿಗಾಗಿ ಬಾಗಿಲಲ್ಲಿ ಕಾಯುವವರ ಮನಸ್ಸೂ ನಿರಾಳವಾದೀತು.