ಬಂಪರಿನ ಕಲೆ ಮತ್ತು ಬೀದಿಯ ಜಗಳ

ಮಂಗಳೂರಿನ ರಥಬೀದಿಯಲ್ಲಿಯೋ ಹಂಪನಕಟ್ಟೆಯಲ್ಲಿಯೋ ಓಡಾಡುವವರಿಗೆ ಒಂದು ದೃಶ್ಯ ಅಪರಿಚಿತವಲ್ಲ. ಎರಡು ವಾಹನಗಳು ರಸ್ತೆಗೆ ಅಡ್ಡವಾಗಿ ನಿಂತಿರುತ್ತವೆ. ಕಾರಿನ ಒಡೆಯ ಬಂಪರಿನ ಮೇಲಿನ ಗೆರೆಯನ್ನು ತೋರಿಸಿ ಗದರುತ್ತಿರುತ್ತಾನೆ; ರಿಕ್ಷಾ ಚಾಲಕ ತಲೆ ತಗ್ಗಿಸಿ ನಿಂತಿರುತ್ತಾನೆ. ಕೊನೆಗೆ ಚಾಲಕನ ಅಂದಿನ ದುಡಿಮೆ ಕಾರಿನವನ ಕಿಸೆ ಸೇರುತ್ತದೆ. ಆ ಗೆರೆಯನ್ನು ಯಾರೂ ಒಮ್ಮೆ ಒರೆಸಿ ನೋಡಿರುವುದಿಲ್ಲ. ಇದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ನನ್ನ ತರಗತಿಯಲ್ಲಿ ಕುಳಿತವರಿಗೆ ಕರಿಹಲಗೆ ನೆನಪಿರಬಹುದು. ಸೀಮೆಸುಣ್ಣದ ಗೆರೆ ಹಲಗೆಯ ಮೇಲಿರುತ್ತದೆ. ಮೊಳೆಯ ಗೀರು ಹಲಗೆಯ ಒಳಗಿರುತ್ತದೆ. ಮೊದಲನೆಯದಕ್ಕೆ ಬಟ್ಟೆ ಸಾಕು. ಬಂಪರಿನ ಮಾತೂ ಇಷ್ಟೇ. ಇಂದಿನ ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಬಗೆಯ ಪ್ಲಾಸ್ಟಿಕ್ಕಿನವು. ಅದರ ಮೇಲೆ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಲೇಪ. ಈ ಲೇಪದ ದಪ್ಪ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್, ಅಂದರೆ ನಾವು ಬರೆಯುವ ಕಾಗದದ ಅರ್ಧದಷ್ಟು. ಮೆಲ್ಲಗೆ ಉಜ್ಜಿದ ವಾಹನ ತನ್ನ ಬಣ್ಣವನ್ನೋ ರಬ್ಬರನ್ನೋ ಈ ಲೇಪದ ಮೇಲೆ ಬಿಟ್ಟು ಹೋಗಿರುತ್ತದೆ. ನಾವು ಗಾಯವೆಂದು ತಿಳಿಯುವುದು ಎಷ್ಟೋ ಸಲ ಎದುರಿನವರ ಬಣ್ಣ ಮಾತ್ರ. ಕಲೆಯ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಜಾರಿದರೆ ಅದು ಹೋಗುವ ಸಂಭವವೇ ಹೆಚ್ಚು.

ಹೋಗಿಸುವುದರಲ್ಲಿಯೂ ಒಂದು ಕ್ರಮವಿದೆ: ಮೃದುವಾದದ್ದು ಮೊದಲು, ಕಠಿಣವಾದದ್ದು ಕೊನೆಗೆ. ನಮ್ಮೂರಿನ ಮುರಕಲ್ಲಿನ ಧೂಳು ಮರಳಿನಂತೆ ಒರಟು. ಒಣಬಟ್ಟೆಯಿಂದ ಒರೆಸಿದರೆ ಹೊಸ ಗೀರುಗಳನ್ನು ನಾವೇ ಎಳೆದಂತಾಗುತ್ತದೆ. ಆದುದರಿಂದ ನೆರಳಿನಲ್ಲಿ ನಿಲ್ಲಿಸಿ, ನೀರು ಮತ್ತು ಕಾರ್ ಶಾಂಪೂವಿನಿಂದ ಚೆನ್ನಾಗಿ ತೊಳೆಯಬೇಕು. ಅಂಟು ಉಳಿದಿದ್ದರೆ ನಮ್ಮ ಅಜ್ಜಿಯಂದಿರ ವಿದ್ಯೆ ಸಾಕು. ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ತೆಂಗಿನೆಣ್ಣೆಗೆ ಬಗ್ಗುತ್ತದೆ. ಸ್ಟಿಕ್ಕರಿನ ಅಂಟೂ ಹಾಗೆಯೇ. ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಡಾಮರಿನ ಚುಕ್ಕೆಗೆ ಅಂಗಡಿಯ ಟಾರ್ ರಿಮೂವರ್ ಇದೆ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು. ಇನ್ನೊಂದು ವಾಹನದ ಬಣ್ಣ ಅಂಟಿದ್ದರೆ ಮೈಕ್ರೋಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು ಪಾಲಿಶ್, ಅದಕ್ಕೂ ಜಗ್ಗದಿದ್ದರೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಗುರವಾಗಿ ಉಜ್ಜಿ, ಕೊನೆಗೆ ವ್ಯಾಕ್ಸ್ ಹಚ್ಚಬೇಕು. ಕಾಂಪೌಂಡ್ ಲೇಪವನ್ನೂ ಸವೆಸುತ್ತದೆಂಬುದು ನೆನಪಿರಲಿ. ಟೂತ್‌ಪೇಸ್ಟಿನ ಮಹಿಮೆಯೂ ಅದರೊಳಗಿನ ನುಣ್ಣನೆಯ ಪುಡಿಯದೇ. ತಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಪಾತ್ರೆ ಉಜ್ಜುವ ನಾರು ಇವು ಮೂರೂ ಹತ್ತಿರ ಸುಳಿಯಬಾರದು.

'ಆಳವಾದ ಗೀರೇ ಬಿದ್ದಿದ್ದರೆ?' ಎಂದು ಕೇಳಬಹುದು. ಉಪ್ಪುಗಾಳಿಯ, ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಊರಿನಲ್ಲಿ ಬಾಗಿಲಿನ ಉಕ್ಕಿನವರೆಗೆ ಇಳಿದ ಗೀರನ್ನು ಕೂಡಲೇ ಮುಚ್ಚಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಬಂಪರಿನ ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ. ಅದು ಬಿರುಕು ಬಿಡದೆ, ಕೊಕ್ಕೆ ಕಳಚದೆ ಇದ್ದರೆ ಅವಸರವೇನೂ ಇಲ್ಲ. ಸಣ್ಣ ಕಲೆಗೆ ವಿಮೆಯ ಹಣ ಕೇಳುವುದೂ ಜಾಣತನವಲ್ಲ. ಒಂದು ವರ್ಷ ಪರಿಹಾರ ಕೇಳದಿದ್ದರೆ ಸ್ವಂತ ಹಾನಿಯ ವಿಮಾಕಂತಿನಲ್ಲಿ ಶೇ. 20ರ ರಿಯಾಯಿತಿ ದೊರೆಯುತ್ತದೆ, ಸತತ ಐದು ವರ್ಷಗಳಾದರೆ ಶೇ. 50. ಸಾಮಾನ್ಯವಾಗಿ ಒಂದು ಬಾರಿ ಕೇಳಿದರೆ ಅದೆಲ್ಲ ಸೊನ್ನೆಗಿಳಿಯುತ್ತದೆ.

ನಿಜವಾದ ಹಾನಿಗೆ ಪರಿಹಾರ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಹಾನಿಯೇನೆಂದು ತಿಳಿಯುವ ಮೊದಲು ಬೆಲೆ ಕಟ್ಟಬಾರದೆಂಬುದಷ್ಟೇ ನನ್ನ ವಾದ. ಬಂಪರು ಇರುವುದೇ ಸಣ್ಣಪುಟ್ಟ ತಾಗುವಿಕೆಯನ್ನು ತಾನು ಸಹಿಸಿಕೊಳ್ಳಲಿಕ್ಕೆ. ಅದರ ಒಡೆಯನಿಗೆ ಅಷ್ಟೂ ಸಹನೆ ಬೇಡವೇ? ಕಾರು ಕೊಂಡಿರುವ ನನ್ನ ವಿದ್ಯಾರ್ಥಿಗಳು ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಮೆತ್ತನೆಯ ಬಟ್ಟೆ ಇಟ್ಟುಕೊಳ್ಳಲಿ. ಬಾಯಿ ತೆರೆಯುವ ಮುನ್ನ ಧೂಳು ತೊಳೆದು ಒರೆಸಿ ನೋಡಲಿ. ಬಡವನೊಬ್ಬನ ಒಂದು ದಿನದ ಅನ್ನ ಆ ಬಟ್ಟೆಯಿಂದ ಉಳಿಯಬಹುದು.